ಹಲ್ಲಿನ ಸೋಂಕು ಬೇಸಿಗೆ ರಜೆಗೆ ಕಾಯುವುದಿಲ್ಲ

ನಾನು ಹೃದಯದ ಡಾಕ್ಟರು, ಆದರೂ ಇವತ್ತು ಹಲ್ಲಿನ ಮಾತು. ದೆಹಲಿ, ನೋಯ್ಡಾ, ಗುರುಗ್ರಾಮದ ನಮ್ಮವರಲ್ಲಿ ಒಂದು ಅಭ್ಯಾಸ ನೋಡುತ್ತೇನೆ. ವಸಡಿನಲ್ಲಿ ರಕ್ತ ಬಂದರೂ "ರಜೆಗೆ ಊರಿಗೆ ಹೋದಾಗ ತೋರಿಸಿದರಾಯ್ತು" ಎಂದು ಲವಂಗ ಕಚ್ಚಿಕೊಂಡು ಕೂರುವುದು. ಲವಂಗ ನೋವು ಮರೆಸುತ್ತದೆ, ಸೋಂಕು ತೆಗೆಯುವುದಿಲ್ಲ.

ಕೆಟ್ಟ ವಸಡಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ದೇಹವೇ ಅದನ್ನು ನಿಭಾಯಿಸುತ್ತದೆ. ಕೃತಕ ವಾಲ್ವ್ ಹಾಕಿಸಿಕೊಂಡವರಲ್ಲಿ, ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟವರಲ್ಲಿ ಅದು ಅಲ್ಲೇ ಬೇರೂರಬಹುದು. ಎಂಡೋಕಾರ್ಡೈಟಿಸ್ ಎನ್ನುವ ಈ ಕಾಯಿಲೆಗೆ ಸಾಮಾನ್ಯವಾಗಿ 4ರಿಂದ 6 ವಾರ ಇಂಜೆಕ್ಷನ್ ಬೇಕು, ಜೀವವೂ ಹೋಗಬಹುದು. ವಾಲ್ವ್ ಆಪರೇಷನ್‌ಗೆ ಮುಂಚೆ ಹಲ್ಲು ತೋರಿಸಿಕೊಂಡು ಬನ್ನಿ ಎಂದು ನಾವು ಕಳಿಸುವುದು ಇದಕ್ಕೇ. ನನ್ನ ಲೆಕ್ಕದಲ್ಲಿ ಹಲ್ಲಿನ ಡಾಕ್ಟರೂ ನಿಮ್ಮ ಹೃದಯದ ಡಾಕ್ಟರೇ.

ವಾಲ್ವ್ ಬದಲಾಯಿಸಿಕೊಂಡವರು ಹಲ್ಲು ಕೀಳಿಸುವ ಮುನ್ನ ಆ ವಿಷಯ ಹೇಳಲೇಬೇಕು. ಮೊದಲೇ ಒಂದು ಡೋಸ್ ಆಂಟಿಬಯಾಟಿಕ್ ಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ (ಇದನ್ನು ಎಷ್ಟು ಸಲ ಹೇಳಿದರೂ ಸಾಲದು), ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು.

ಖರ್ಚಿನ ಚಿಂತೆಯಿದ್ದರೆ ದೆಹಲಿ ಗೇಟ್ ಬಳಿ ಸರ್ಕಾರದ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ ಇದೆ, ಏಮ್ಸ್‌ನಲ್ಲೂ ದಂತ ವಿಭಾಗವಿದೆ. ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಹಿಂದಿ ಬಾರದಿದ್ದರೆ ನೀವೇ ಜೊತೆಗೆ ಹೋಗಿ, ಅವರ ಮಾತ್ರೆಗಳ ಚೀಟಿ ಮರೆಯದೆ ಒಯ್ಯಿರಿ.