ತಿಕ್ಕುವ ಮುನ್ನ ತುಸು ತಡೆಯಿರಿ



ಜನವರಿ ಬಂತೆಂದರೆ ನಮ್ಮ ಮುಂಬಯಿಗೆ ಮ್ಯಾರಥಾನ್ ಜ್ವರ. 2004ರಲ್ಲಿ ಆರಂಭವಾದ ಈ ಓಟದಲ್ಲಿ ನಿಮ್ಮಲ್ಲಿ ಅನೇಕರು ಉತ್ಸಾಹದಿಂದ ಓಡುತ್ತೀರಿ. ಮರುದಿನ ರೈಲ್ವೆ ಸೇತುವೆಯ ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದಾಗಿ ಇಳಿಯುವವರೂ ನೀವೇ! ‘ಸ್ಪೋರ್ಟ್ಸ್ ಮಸಾಜ್ ಮಾಡಿಸಿಕೊಂಡರೆ ಸರಿಹೋಗುತ್ತದಾ ಆಂಟಿ?’ ಎಂದು ಕೇಳುತ್ತಿರುತ್ತೀರಿ. ಈ ಸಲ ಅದರ ಬಗ್ಗೆಯೇ ನಾಲ್ಕು ಮಾತು.

ಇದೇನೋ ಹೊರಗಿನಿಂದ ಬಂದ ಹೊಸ ವಿದ್ಯೆ ಎಂದುಕೊಳ್ಳಬೇಡಿ. ನರಕ ಚತುರ್ದಶಿಯ ಬೆಳಿಗ್ಗೆ ಅಜ್ಜಿ ನಿಮ್ಮನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ತಿಕ್ಕಿದ್ದು ನೆನಪಿರಬಹುದು. ಮೈಸೂರಿನ ಗರಡಿಮನೆಗಳಲ್ಲಿ ದಸರಾ ಕುಸ್ತಿಗೆ ತಯಾರಾಗುವ ಪೈಲ್ವಾನರು ಸಾಮು ಮುಗಿದ ಮೇಲೆ ಒಬ್ಬರಿಗೊಬ್ಬರು ಮಾಲೀಸು ಮಾಡಿಕೊಳ್ಳುವುದು ಹಳೆಯ ರೂಢಿ. ಇಂಗ್ಲಿಷಿನ ‘ಶಾಂಪೂ’ ಎಂಬ ಪದ ಕೂಡ ಹಿಂದಿಯ ‘ಚಾಂಪೋ’ದಿಂದ ಹೋದದ್ದು. ಇಂಗ್ಲಿಷಿನಲ್ಲಿ ಅದರ ಮೊದಲ ಅರ್ಥ ಮೈ ಅಮುಕುವುದು ಎಂದೇ. ಕೂದಲು ತೊಳೆಯುವ ಅರ್ಥ ಆಮೇಲೆ ಬಂದದ್ದು.

ಹಾಗಾದರೆ ಸ್ಪೋರ್ಟ್ಸ್ ಮಸಾಜಿನ ವಿಶೇಷವೇನು? ಆಟಗಾರ ಯಾವ ಸ್ನಾಯುಗಳನ್ನು ಹೆಚ್ಚು ದುಡಿಸುತ್ತಾನೋ ಅವುಗಳ ಮೇಲೆ ಗಮನ. ಓಟಗಾರನಿಗೆ ತೊಡೆ, ಮೀನಖಂಡ. ಬೌಲರನಿಗೆ ಭುಜ, ಬೆನ್ನು. ಅಂಗೈಯಿಂದ ಹೃದಯದ ದಿಕ್ಕಿಗೆ ನೀಳವಾಗಿ ನೀವುವುದು, ಚಪಾತಿ ಹಿಟ್ಟಿನಂತೆ ನಾದುವುದು, ಬಿಗಿದುಕೊಂಡ ಜಾಗವನ್ನು ಹೆಬ್ಬೆರಳಿನಿಂದ ಒತ್ತುವುದು, ಇವು ಅದರ ಮುಖ್ಯ ವಿಧಾನಗಳು. ಪಂದ್ಯಕ್ಕೆ ಮೊದಲು ಹಗುರವಾಗಿ, ಚುರುಕಾಗಿ. ಮುಗಿದ ಮೇಲೆ ಮೃದುವಾಗಿ, ನಿಧಾನವಾಗಿ. ಆಳವಾದ ಒತ್ತಡವೇನಿದ್ದರೂ ಅಭ್ಯಾಸದ ದಿನಗಳಿಗೆ. ಓಟದ ಹಿಂದಿನ ದಿನ ಜೋರಾಗಿ ತಿಕ್ಕಿಸಿಕೊಂಡರೆ ಆ ನೋವನ್ನೂ ಹೊತ್ತುಕೊಂಡು ಓಡಬೇಕಾದೀತು.

ಇನ್ನು ಲಾಭದ ವಿಚಾರ. ‘ಮಸಾಜಿನಿಂದ ಲ್ಯಾಕ್ಟಿಕ್ ಆಸಿಡ್ ಹೊರಹೋಗುತ್ತದೆ’ ಎನ್ನುವವರನ್ನು ನೀವು ಕೇಳಿರುತ್ತೀರಿ. ಅದು ನಿಜವಲ್ಲ. ಓಟ ನಿಂತ ಒಂದೆರಡು ಗಂಟೆಯಲ್ಲಿ ದೇಹವೇ ಅದನ್ನು ಖರ್ಚು ಮಾಡಿಬಿಡುತ್ತದೆ. ಎರಡನೆಯ, ಮೂರನೆಯ ದಿನ ಕಾಡುವ ನೋವು ಸ್ನಾಯುವಿನ ಎಳೆಗಳಿಗಾದ ಸೂಕ್ಷ್ಮ ಗಾಯದ್ದು. 2012ರಲ್ಲಿ ಕೆನಡಾದ ವಿಜ್ಞಾನಿಗಳು 11 ಯುವಕರಿಗೆ ಸುಸ್ತಾಗುವವರೆಗೆ ವ್ಯಾಯಾಮ ಮಾಡಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಸಾಜ್ ಮಾಡಿಸಿ ಎರಡೂ ಕಾಲುಗಳ ಸ್ನಾಯುವನ್ನು ಪರೀಕ್ಷಿಸಿದರು. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆಯಿದ್ದವು. ಲ್ಯಾಕ್ಟಿಕ್ ಆಸಿಡ್‌ನಲ್ಲಿ ವ್ಯತ್ಯಾಸವಿರಲಿಲ್ಲ. 2020ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇಂತಹ 29 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಮಸಾಜಿನಿಂದ ಓಟದ ವೇಗವಾಗಲಿ ಬಲವಾಗಲಿ ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ. ಮೈನೋವು ಸ್ವಲ್ಪ ತಗ್ಗುತ್ತದೆ, ಮೈ ಸ್ವಲ್ಪ ಸಡಿಲವಾಗಿ ಬಾಗುತ್ತದೆ, ಅಷ್ಟೇ. ಆ ‘ಸ್ವಲ್ಪ’ವೂ ದಣಿದವನಿಗೆ ದೊಡ್ಡದೇ, ಬಿಡಿ.

ಆಟವಾಡದವರಿಗೂ ಇದರಿಂದ ಹಿತವುಂಟು. ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತ ಕತ್ತು, ಲೋಕಲ್ ರೈಲಿನಲ್ಲಿ ಜೋತಾಡಿದ ಭುಜ, ಎರಡಕ್ಕೂ ಆರಾಮ ಸಿಗುತ್ತದೆ. ಆದರೆ ಆ ಆರಾಮ ತಾತ್ಕಾಲಿಕ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯದಿದ್ದರೆ ನೋವು ಮರಳಿ ಬಂದೇ ಬರುತ್ತದೆ. ದುಬಾರಿ ಪಾರ್ಲರಿಗೇ ಹೋಗಬೇಕೆಂದಿಲ್ಲ. ಗೋಡೆಗೂ ಬೆನ್ನಿಗೂ ನಡುವೆ ಟೆನಿಸ್ ಚೆಂಡನ್ನಿಟ್ಟು ಮೆಲ್ಲಗೆ ಹೊರಳಿಸಿ ನೋಡಿ. ಬೆನ್ನುಮೂಳೆಯ ಮೇಲೆ ಮಾತ್ರ ಬೇಡ.

ಈಗ ನನ್ನದೊಂದು ತಪ್ಪನ್ನು ಹೇಳಲೇಬೇಕು. 2011ರಲ್ಲಿ ನನ್ನ ಮಗ ಹತ್ತನೆಯ ತರಗತಿಯಲ್ಲಿದ್ದಾಗ ಫುಟ್‌ಬಾಲ್ ಆಡುತ್ತಾ ಕಾಲು ಉಳುಕಿಸಿಕೊಂಡು ಬಂದ. ತವರಿನಲ್ಲಿ ಕಂಡದ್ದು ನನಗೆ ಗೊತ್ತಿತ್ತಲ್ಲ! ಎಣ್ಣೆ ಬಿಸಿ ಮಾಡಿ, ಅವನು ಕೂಗಿಕೊಂಡರೂ ಬಿಡದೆ ಕಾಲುಗಂಟೆ ತಿಕ್ಕಿದೆ. ‘ಗಂಡುಮಗ ಅಳ್ತಾರೇನೋ?’ ಎಂದು ಗದರಿಸಿದೆ ಕೂಡ. ರಾತ್ರಿಯಾಗುವಷ್ಟರಲ್ಲಿ ಪಾದ ಸೋರೆಕಾಯಿಯಂತೆ ಊದಿತ್ತು. ಬೆಳಿಗ್ಗೆ ಎಕ್ಸ್‌ರೇ ತೆಗೆಸಿದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಆರು ವಾರ ಪ್ಲಾಸ್ಟರ್. ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆದ್ದರಿಂದ ಇಷ್ಟನ್ನು ಮನಸ್ಸಿನಲ್ಲಿಡಿ. ಹೊಸ ಪೆಟ್ಟಿಗೆ ಮೊದಲ ಎರಡು-ಮೂರು ದಿನ ತಿಕ್ಕುವುದೂ ಬೇಡ, ಬಿಸಿ ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ, ಕಾಲನ್ನು ಎತ್ತರಕ್ಕಿಡಿ. ನಾಲ್ಕು ಹೆಜ್ಜೆ ಊರಲಾಗದಿದ್ದರೆ ಡಾಕ್ಟರಲ್ಲಿಗೆ ಹೋಗಿ. ಜ್ವರವಿದ್ದಾಗ, ಚರ್ಮದಲ್ಲಿ ಸೋಂಕಿದ್ದಾಗ ಮಸಾಜ್ ಬೇಡ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದೂರದ ಪ್ರಯಾಣದ ನಂತರ ಅಥವಾ ಬಹಳ ದಿನ ಹಾಸಿಗೆಯಲ್ಲಿದ್ದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ಮುಟ್ಟಲೂ ಹೋಗಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಮುಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ. ಅಪ್ಪ ‘ಎದೆ, ಎಡಗೈ ಹಿಡಿದುಕೊಂಡಿದೆ, ಸ್ವಲ್ಪ ತಿಕ್ಕು’ ಎಂದರೂ ಎಣ್ಣೆಯ ಬಾಟಲಿ ಹುಡುಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಉಳಿದಂತೆ, ದಣಿದು ಬಂದ ಅಮ್ಮನ ಕಾಲನ್ನು ಹತ್ತು ನಿಮಿಷ ಒತ್ತಿದರೆ ನಷ್ಟವೇನಿಲ್ಲ. ಆದರೆ ‘ನೋಯುತ್ತಿದೆ, ಸಾಕು’ ಎಂದರೆ ಅಲ್ಲಿಗೇ ನಿಲ್ಲಿಸಿ. ನಾನು ಅಂದು ಕೇಳಿಸಿಕೊಳ್ಳದೆ ಹೋದ ಮಾತು ಅದೇ. ಈಗಲೂ ನಾನು ಎಣ್ಣೆಯ ಬಟ್ಟಲು ಹಿಡಿದು ಬಂದರೆ ಮಗ ನಗುತ್ತಾ ಕೇಳುತ್ತಾನೆ: ‘ಅಮ್ಮಾ, ಮೊದಲು ಎಕ್ಸ್‌ರೇ ತೆಗೆಸೋಣವಾ?’