ನಾಲ್ಕು ಟನ್ ತೂಕದ ಹಸಿರು

ಅಮೆರಿಕದ ಮಾರುಕಟ್ಟೆಗೆ ಹೊಸದೊಂದು ವಿದ್ಯುತ್ ಎಸ್‌ಯುವಿ ಬಂದಾಗಲೆಲ್ಲ ವಿಮರ್ಶಕರೂ ಗ್ರಾಹಕರೂ ಒಂದೇ ಪ್ರಶ್ನೆಯನ್ನು ಎತ್ತುತ್ತಾರೆ: ದಿನಬಳಕೆಗೆ ಇದು ಅತಿ ದೊಡ್ಡದಲ್ಲವೇ? ಉತ್ತರವೂ ಹೆಚ್ಚುಕಡಿಮೆ ಒಂದೇ. ಗ್ಯಾರೇಜಿನಲ್ಲಿ ಹಿಡಿಸುತ್ತದೆ, ಸುತ್ತಲೂ ಕ್ಯಾಮೆರಾಗಳಿವೆ, ಮೂರನೆಯ ಸಾಲಿನಲ್ಲಿ ಮಕ್ಕಳು ಆರಾಮವಾಗಿ ಕೂರಬಹುದು, ವಾರದೊಳಗೆ ಕೈಗೆ ಅಭ್ಯಾಸವಾಗುತ್ತದೆ. ಈ ಪ್ರಶ್ನೋತ್ತರದಲ್ಲಿ ‘ದಿನಬಳಕೆ’ ಎಂಬ ಮಾತಿಗೆ ಒಬ್ಬನೇ ಒಡೆಯ: ಕಾರನ್ನು ಕೊಂಡವನು. ಅದೇ ರಸ್ತೆಯನ್ನು ದಾಟುವ ಅಜ್ಜಿಗೆ, ಶಾಲೆಗೆ ಸೈಕಲ್ ತುಳಿಯುವ ಹುಡುಗನಿಗೆ, ಹಳೆಯ ಸಣ್ಣ ಕಾರಿನಲ್ಲಿ ರಾತ್ರಿ ಪಾಳಿಗೆ ಹೋಗುವ ದಾದಿಗೆ ಕೂಡ ಒಂದು ದಿನಚರಿ ಇದೆ ಎಂಬುದು ಗಣನೆಗೇ ಬರುವುದಿಲ್ಲ. ಅವರನ್ನೂ ಗಣನೆಗೆ ತೆಗೆದುಕೊಂಡರೆ ಉತ್ತರ ಸ್ಪಷ್ಟ: ಹೌದು, ಅತಿ ದೊಡ್ಡದು.

ಪ್ರಗತಿಪರರೆಂದು ಗುರುತಿಸಿಕೊಳ್ಳುವ ಅನಿವಾಸಿ ಕನ್ನಡಿಗರು ಈ ಉತ್ತರವನ್ನು ಕೇಳಿಸಿಕೊಳ್ಳಬೇಕಾದ ಕಾರಣವಿದೆ. ಹವಾಮಾನ ಬಿಕ್ಕಟ್ಟಿನ ಅರಿವು ಅವರಿಗಿದೆ. ಪಶ್ಚಿಮ ಘಟ್ಟದ ಕಾಡು ಉಳಿಯಬೇಕೆಂಬ ಮನವಿಗೆ ಅವರು ಹಿಂದೆಮುಂದೆ ನೋಡದೆ ಸಹಿ ಹಾಕುತ್ತಾರೆ. ಪೆಟ್ರೋಲ್ ಕುಡಿಯುವ ಹಳೆಯ ಹಮ್ಮರನ್ನು ಮನೆಯ ಮುಂದೆ ನಿಲ್ಲಿಸಲು ಅವರಲ್ಲಿ ಬಹುತೇಕರಿಗೆ ನಾಚಿಕೆಯಾದೀತು. ಅಂಥದೇ ಗಾತ್ರದ ವಾಹನಕ್ಕೆ ಬ್ಯಾಟರಿ ಜೋಡಿಸಿದ ಕೂಡಲೇ ಆ ನಾಚಿಕೆ ಕರಗಿ ಹೆಮ್ಮೆಯಾಗಿ ಮಾರ್ಪಡುತ್ತದೆ. ಹೊಗೆಕೊಳವೆ ಇಲ್ಲ ಎಂಬ ಒಂದೇ ಕಾರಣಕ್ಕೆ ತೂಕ, ಎತ್ತರ, ಅಗಲ ಎಲ್ಲಕ್ಕೂ ಮಾಫಿ ಸಿಕ್ಕಿಬಿಡುತ್ತದೆ. ಪ್ರಶ್ನಿಸಬೇಕಾದದ್ದು ಈ ಮಾಫಿಯನ್ನು.

ಮೊದಲಿಗೆ ಒಂದು ಮಾತನ್ನು ಖಚಿತಪಡಿಸಬೇಕು. ಒಂದೇ ಗಾತ್ರದ ಎರಡು ವಾಹನಗಳಲ್ಲಿ ವಿದ್ಯುತ್ತಿನದು ಪೆಟ್ರೋಲಿನದಕ್ಕಿಂತ ಮೇಲು. ಈ ಟೀಕೆಯಿಂದ ತೈಲ ಕಂಪನಿಗಳ ವಕಾಲತ್ತಿಗೆ ಯಾವ ಇಂಬೂ ಸಿಗಬೇಕಾಗಿಲ್ಲ. ಆದರೆ ‘ಒಂದೇ ಗಾತ್ರದ’ ಎಂಬ ಷರತ್ತು ಮುರಿದಾಗ ಏನಾಗುತ್ತದೆ? ಜಿಎಂಸಿ ಹಮ್ಮರ್ ಇವಿಯ ತೂಕ ಒಂಬತ್ತು ಸಾವಿರ ಪೌಂಡಿಗೂ ಮಿಗಿಲು, ಅಂದರೆ ನಾಲ್ಕು ಟನ್ನಿಗಿಂತ ಹೆಚ್ಚು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ 2023ರ ಜನವರಿಯಲ್ಲಿ ಈ ವಾಹನವನ್ನೇ ಉದಾಹರಿಸಿ, ಅದರ ಬ್ಯಾಟರಿಯೊಂದೇ ಒಂದು ಹೊಂಡಾ ಸಿವಿಕ್ ಕಾರಿನಷ್ಟು ತೂಗುತ್ತದೆಂದು ಎಚ್ಚರಿಸಿದ್ದರು. ಆ ಬ್ಯಾಟರಿಯ ಸಾಮರ್ಥ್ಯ 200 ಕಿಲೋವ್ಯಾಟ್-ಗಂಟೆಗಿಂತ ಹೆಚ್ಚು. ಷೆವ್ರೊಲೆ ಬೋಲ್ಟ್ ಎಂಬ ಸಣ್ಣ ವಿದ್ಯುತ್ ಕಾರಿನದು 65. ಒಂದು ಹಮ್ಮರಿಗೆ ಸುರಿದ ಲಿಥಿಯಂ, ನಿಕ್ಕಲ್‌ಗಳಲ್ಲಿ ಮೂರು ಕುಟುಂಬಗಳು ಪೆಟ್ರೋಲಿನಿಂದ ಬಿಡುಗಡೆ ಪಡೆಯಬಹುದಿತ್ತು. ಇಂಧನ ದಕ್ಷತೆಯನ್ನು ಅಧ್ಯಯನ ಮಾಡುವ ಎಸಿಇಇಇ ಸಂಸ್ಥೆ 2022ರಲ್ಲಿ ಮಾಡಿದ ಅಂದಾಜು ಇನ್ನೂ ಇರಿಯುವಂಥದು. ವಿದ್ಯುತ್ ಉತ್ಪಾದನೆಯ ಹೊಗೆಯನ್ನು ಸೇರಿಸಿ ನೋಡಿದರೆ ಹಮ್ಮರ್ ಇವಿ ಮೈಲಿಗೆ 341 ಗ್ರಾಂ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಪೆಟ್ರೋಲಿನ ಮಾಲಿಬು ಸೆಡಾನ್ 320 ಗ್ರಾಂ. ಗಾತ್ರ ಹಿಗ್ಗಿದರೆ ವಿದ್ಯುತ್ತಿನ ಪುಣ್ಯವೂ ಸವೆದುಹೋಗುತ್ತದೆ.

ಹಮ್ಮರ್ ಅತಿರೇಕದ ಉದಾಹರಣೆ, ಅದನ್ನು ಕೊಳ್ಳುವ ಕನ್ನಡಿಗರೆಷ್ಟು ಎಂದು ಯಾರಾದರೂ ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪ. ಹಾಗಾದರೆ ಮಧ್ಯಮ ವರ್ಗದ ಸಂಸಾರಕ್ಕೆಂದೇ ಮಾರಲಾಗುವ ಕಿಯಾ ಇವಿ9 ಅನ್ನು ನೋಡಬಹುದು. 2024ರಲ್ಲಿ ವರ್ಷದ ವಿಶ್ವ ಕಾರು ಎಂಬ ಪ್ರಶಸ್ತಿ ಪಡೆದ ಇದು ಐದು ಮೀಟರ್ ಉದ್ದ, ಸುಮಾರು ಎರಡು ಮೀಟರ್ ಅಗಲ, ಎರಡೂವರೆ ಟನ್ ಆಸುಪಾಸಿನ ತೂಕ. ಬೋಲ್ಟ್ ಸುಮಾರು ನಾಲ್ಕು ಮೀಟರ್ ಉದ್ದ, ಒಂದೂ ಮುಕ್ಕಾಲು ಟನ್ನಿಗೂ ಕಡಿಮೆ. ಹಮ್ಮರಿನ ಪಕ್ಕದಲ್ಲಿಟ್ಟು ನೋಡುವುದರಿಂದಲೇ ಇವಿ9 ‘ಸಾಧಾರಣ’ವಾಗಿ ಕಾಣುತ್ತದೆ. ಅತಿರೇಕ ಮಾಡುವ ಕೆಲಸವೇ ಅದು: ತನ್ನ ಹಿಂದೆ ಬರುವ ದೊಡ್ಡದನ್ನು ಸಹಜವೆನ್ನಿಸುವುದು.

‘ಜನ ಕೇಳುವುದೇ ದೊಡ್ಡ ಕಾರನ್ನು, ಕಂಪನಿಗಳು ಕೊಡುತ್ತವೆ ಅಷ್ಟೆ’ ಎಂಬುದು ಮುಂದಿನ ವಾದ. ಬೋಲ್ಟ್‌ನ ಕಥೆ ಈ ವಾದವನ್ನು ಸುಳ್ಳಾಗಿಸುತ್ತದೆ. ಅಮೆರಿಕದ ಅತಿ ಅಗ್ಗದ ವಿದ್ಯುತ್ ಕಾರುಗಳಲ್ಲಿ ಒಂದಾಗಿದ್ದ, ಚೆನ್ನಾಗಿಯೇ ಮಾರಾಟವಾಗುತ್ತಿದ್ದ ಅದನ್ನು ನಿಲ್ಲಿಸುವುದಾಗಿ ಜನರಲ್ ಮೋಟರ್ಸ್‌ನ ಮುಖ್ಯಸ್ಥೆ ಮೇರಿ ಬಾರಾ 2023ರ ಏಪ್ರಿಲ್‌ನಲ್ಲಿ ಘೋಷಿಸಿದರು. ಕಾರಣ: ಮಿಷಿಗನ್‌ನ ಓರಿಯನ್ ಕಾರ್ಖಾನೆಯಲ್ಲಿ ಭಾರೀ ವಿದ್ಯುತ್ ಪಿಕಪ್‌ಗಳನ್ನು ತಯಾರಿಸಬೇಕಿತ್ತು. ಆ ವರ್ಷದ ಡಿಸೆಂಬರ್‌ಗೆ ಬೋಲ್ಟ್ ನಿಂತಿತು. ಪಿಕಪ್ ಯೋಜನೆ ಮುಂದಕ್ಕೆ ಹೋಗುತ್ತಲೇ ಇತ್ತು. 2025ರಲ್ಲಿ ಕಂಪನಿ ಅದೇ ಕಾರ್ಖಾನೆಯನ್ನು ಪೆಟ್ರೋಲಿನ ದೊಡ್ಡ ಎಸ್‌ಯುವಿ ಮತ್ತು ಪಿಕಪ್‌ಗಳಿಗೆ ಮೀಸಲಿಟ್ಟಿತು. ಕೊಳ್ಳುವವರ ಒತ್ತಾಯಕ್ಕೆ ಮಣಿದು ಬೋಲ್ಟನ್ನು 2027ರ ಮಾದರಿಯಾಗಿ ಮರಳಿ ತಂದಿದ್ದರೂ ಆದ್ಯತೆ ಯಾವುದೆಂಬುದು ಬಯಲಾಗಿತ್ತು. ಸಣ್ಣ ಕಾರಿಗೆ ಗಿರಾಕಿಗಳಿದ್ದರು. ಕಡಿಮೆ ಇದ್ದದ್ದು ಅದರ ಮೇಲಿನ ಲಾಭ.

ಲಾಭದ ಈ ದಾರಿಯನ್ನು ಸರ್ಕಾರವೇ ಸಮತಟ್ಟು ಮಾಡಿಕೊಟ್ಟಿದೆ. 1975ರ ಇಂಧನ ಕಾಯ್ದೆಯಡಿ ರೂಪುಗೊಂಡ ಮೈಲೇಜ್ ನಿಯಮಗಳು ಕಾರುಗಳಿಗೆ ಬಿಗಿಯಾಗಿ, ‘ಲಘು ಟ್ರಕ್’ಗಳಿಗೆ ಸಡಿಲವಾಗಿ ಇದ್ದವು. ರೈತನ, ಬಡಗಿಯ ಟ್ರಕ್ಕಿಗೆ ಕೊಟ್ಟ ಆ ರಿಯಾಯಿತಿಯ ಬಾಗಿಲಿನಿಂದಲೇ ಎಸ್‌ಯುವಿ ಒಳನುಗ್ಗಿತು. ವ್ಯಾಪಾರಕ್ಕೆ ಬಳಸುವ ವಾಹನದ ಒಟ್ಟು ತೂಕದ ಮಿತಿ 6,000 ಪೌಂಡ್ ದಾಟಿದರೆ ತೆರಿಗೆಯಲ್ಲಿ ಹೆಚ್ಚು ಕಡಿತ ಸಿಗುತ್ತದೆ. ಹಗುರವಾದದ್ದನ್ನು ಕೊಂಡವನಿಗೆ ಆ ಭಾಗ್ಯವಿಲ್ಲ. 2022ರ ಹಣದುಬ್ಬರ ಇಳಿಕೆ ಕಾಯ್ದೆ ವಿದ್ಯುತ್ ವಾಹನಕ್ಕೆ 7,500 ಡಾಲರ್ ತೆರಿಗೆ ರಿಯಾಯಿತಿ ಕೊಟ್ಟಾಗಲೂ ಸೆಡಾನಿನ ಬೆಲೆಗೆ 55,000 ಡಾಲರ್ ಮಿತಿ, ಎಸ್‌ಯುವಿಗೆ 80,000 ಡಾಲರ್ ಮಿತಿ ವಿಧಿಸಿತು. ಹವಾಮಾನಕ್ಕೆಂದು ಮಾಡಿದ ಕಾಯ್ದೆಯೇ ‘ದೊಡ್ಡದು ಮಾಡು, ಹೆಚ್ಚು ಬೆಲೆಗೆ ಮಾರು’ ಎಂದು ಪಿಸುಗುಟ್ಟಿತು. ಕಂಪನಿಗಳ ದೂರಿನ ಬಳಿಕ 2023ರ ಫೆಬ್ರವರಿಯಲ್ಲಿ ಖಜಾನೆ ಇಲಾಖೆ ಎಸ್‌ಯುವಿಯ ವ್ಯಾಖ್ಯಾನವನ್ನೇ ಇನ್ನಷ್ಟು ಹಿಗ್ಗಿಸಿತು. 2025ರ ಸೆಪ್ಟೆಂಬರ್ 30ಕ್ಕೆ ಆ ರಿಯಾಯಿತಿಯೂ ಕೊನೆಗೊಂಡಿತು. ಅದು ಹುಟ್ಟುಹಾಕಿದ ವಾಹನಗಳು ಮಾತ್ರ ಇನ್ನು ಹದಿನೈದು ವರ್ಷ ರಸ್ತೆಯಲ್ಲಿರುತ್ತವೆ.

ಅನಿವಾಸಿ ಕನ್ನಡಿಗರ ಬಳಿ ತಮ್ಮದೇ ಆದ ಒಂದು ಸಮರ್ಥನೆಯಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಊರಿನಿಂದ ಅಪ್ಪ-ಅಮ್ಮ ಬಂದು ಆರು ತಿಂಗಳು ಇರುತ್ತಾರೆ. ವಿಮಾನ ನಿಲ್ದಾಣದಿಂದ ಅವರನ್ನೂ ಹಪ್ಪಳ-ಸಂಡಿಗೆ ತುಂಬಿದ ನಾಲ್ಕು ಪೆಟ್ಟಿಗೆಗಳನ್ನೂ ಕರೆತರಬೇಕು. ಶನಿವಾರ ದೇವಸ್ಥಾನಕ್ಕೆ, ಭಾನುವಾರ ಕನ್ನಡ ಕೂಟಕ್ಕೆ ಎಲ್ಲರೂ ಒಟ್ಟಿಗೆ ಹೋಗಬೇಕು. ಏಳು ಆಸನ ಬೇಕೇ ಬೇಕು. ಒಪ್ಪಬಹುದಾದ ಮಾತು. ಆದರೆ ಏಳು ಆಸನಕ್ಕೆ ಎಸ್‌ಯುವಿಯೇ ಬೇಕೆಂದವರು ಯಾರು? ಮೊಣಕಾಲು ನೋವಿನ ಎಪ್ಪತ್ತರ ತಾಯಿ ಸೀರೆಯುಟ್ಟು ಎಸ್‌ಯುವಿಯ ಎತ್ತರಕ್ಕೆ ಹತ್ತುವ ಪಾಡನ್ನು ನೋಡಿದವರು ಮಿನಿವ್ಯಾನಿನ ತಗ್ಗು ನೆಲದ, ಪಕ್ಕಕ್ಕೆ ಸರಿಯುವ ಬಾಗಿಲಿನ ಬೆಲೆಯನ್ನು ಬಲ್ಲರು. ಉದ್ದದಲ್ಲಿ ಮಿನಿವ್ಯಾನ್ ಕಡಿಮೆಯೇನಲ್ಲ. ಆದರೆ ಅದರ ಮೂತಿ ತಗ್ಗು, ಇಳಿಜಾರು, ಎದುರಿಗಿರುವ ಮಗು ಚಾಲಕನ ಕಣ್ಣಿಗೆ ಬೀಳುತ್ತದೆ. ಕ್ರೈಸ್ಲರ್ ಪೆಸಿಫಿಕಾದ ಪ್ಲಗ್-ಇನ್ ಮಾದರಿ ಏಳು ಜನರನ್ನು ಹೊತ್ತು, 16 ಕಿಲೋವ್ಯಾಟ್-ಗಂಟೆಯ ಪುಟ್ಟ ಬ್ಯಾಟರಿಯಲ್ಲಿ 32 ಮೈಲಿ ಓಡಿತು. ಅಷ್ಟು ಸಾಕೇ? ಅಮೆರಿಕದ ಇಂಧನ ಇಲಾಖೆ ಪ್ರಕಟಿಸಿದ 2021ರ ಅಂಕಿಅಂಶದಂತೆ ಒಟ್ಟು ಪ್ರಯಾಣಗಳಲ್ಲಿ ಶೇ 52 ಮೂರು ಮೈಲಿಗಿಂತ ಕಡಿಮೆ ದೂರದವು. 50 ಮೈಲಿ ಮೀರಿದವು ಶೇ 2 ಮಾತ್ರ. ವರ್ಷಕ್ಕೆರಡು ಸಲದ ದೂರ ಪ್ರಯಾಣಕ್ಕಾಗಿ ಇಡೀ ವರ್ಷ ಟನ್‌ಗಟ್ಟಲೆ ಲೋಹವನ್ನು ಹಾಲು-ಮೊಸರು ತರಲು ಓಡಿಸುವುದು ಯಾವ ಸಂಸಾರದ ಅಗತ್ಯ?

ಅಸಲು ಅಗತ್ಯ ಬೇರೆಯೇ ಇದೆ, ಅದನ್ನು ಬಾಯಿಬಿಟ್ಟು ಹೇಳುವವರು ವಿರಳ. ರಾಜ್ಯೋತ್ಸವ ನಡೆಯುವ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಯಾರ ಸಂಬಳವನ್ನೂ ಯಾರೂ ಕೇಳುವುದಿಲ್ಲ; ಕೇಳಬೇಕಾಗಿಯೂ ಇಲ್ಲ, ನಿಂತ ವಾಹನಗಳೇ ಹೇಳುತ್ತವೆ. ಊರಿನಲ್ಲಿ ಜಮೀನು, ಜಾತಿ, ಮನೆತನಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಾರು ಮಾಡುತ್ತಿದೆ. ವೇದಿಕೆಯ ಮೇಲೆ ಸಮಾನತೆಯ ಭಾಷಣ, ಹೊರಗೆ ಸಾಲಾಗಿ ನಿಂತ ಅಂತಸ್ತು.

ಇನ್ನುಳಿದದ್ದು ಸುರಕ್ಷತೆಯ ವಾದ: ದೊಡ್ಡ ಕಾರಿನಲ್ಲಿ ಮಕ್ಕಳು ಕ್ಷೇಮ. ಯಾರ ಮಕ್ಕಳು? ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಎತ್ತರ 40 ಇಂಚು ಮೀರಿದ ವಾಹನ ಪಾದಚಾರಿಗೆ ಬಡಿದಾಗ, 30 ಇಂಚಿನೊಳಗಿನ ಇಳಿಜಾರು ಮೂತಿಯ ಕಾರಿಗಿಂತ ಸಾವಿನ ಸಂಭವ ಸುಮಾರು ಶೇ 45ರಷ್ಟು ಹೆಚ್ಚು. ತಗ್ಗು ಕಾರು ಕಾಲಿಗೆ ಬಡಿದರೆ, ಎತ್ತರದ ಮೂತಿ ದೊಡ್ಡವರ ಎದೆಗೆ, ಮಕ್ಕಳ ತಲೆಗೆ ಬಡಿಯುತ್ತದೆ. ಅಮೆರಿಕದಲ್ಲಿ 2009ರಲ್ಲಿ ಸುಮಾರು 4,100 ಪಾದಚಾರಿಗಳು ಸತ್ತಿದ್ದರು. 2022ರಲ್ಲಿ ಆ ಸಂಖ್ಯೆ 7,500 ದಾಟಿತು. ವಾಹನದ ಗಾತ್ರವೊಂದೇ ಇದಕ್ಕೆ ಕಾರಣವಲ್ಲ. ವೇಗ, ಕತ್ತಲೆ, ಪಾದಚಾರಿ ಮಾರ್ಗವಿಲ್ಲದ ರಸ್ತೆಗಳು ಎಲ್ಲವೂ ಪಾಲುದಾರರು. ಆದರೂ ಗಾತ್ರವನ್ನು ನಿರ್ದೋಷಿಯೆಂದು ಬಿಡುವಂತಿಲ್ಲ. ಒಳಗಿರುವವರಿಗಾದರೂ ತೂಕ ಕವಚವೇ? ಸರಾಸರಿಗಿಂತ ಭಾರವಾದ ವಾಹನಕ್ಕೆ ಇನ್ನಷ್ಟು ಭಾರ ಸೇರಿಸಿದರೆ ಒಳಗಿರುವವರಿಗೆ ಸಿಗುವ ರಕ್ಷಣೆ ಅತ್ಯಲ್ಪ, ಹೊರಗಿನವರಿಗಾಗುವ ಅಪಾಯ ಹೆಚ್ಚು ಎಂದು ಅದೇ ಸಂಸ್ಥೆ 2025ರಲ್ಲಿ ತಿಳಿಸಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಸಾಮಾನ್ಯವಾಗಿ ಸಾಲಗಾರನಿಗೆ ಹೇಳುತ್ತಾರೆ. ರಸ್ತೆಯೆಂಬುದು ಎಲ್ಲರೂ ಹಂಚಿಕೊಂಡ ಹಾಸಿಗೆ; ಅಲ್ಲಿ ಒಬ್ಬ ಕಾಲು ಚಾಚಿದರೆ ಇನ್ನೊಬ್ಬ ನೆಲಕ್ಕೆ ಬೀಳುತ್ತಾನೆ.

ಹೊಗೆಯಿಲ್ಲದ ವಾಹನಕ್ಕೂ ಟೈರುಗಳಿವೆ. ವಾಹನ ಭಾರವಾದಷ್ಟೂ ಟೈರು ಬೇಗ ಸವೆಯುತ್ತದೆ. ಆ ಪುಡಿ ಮಳೆನೀರಿನೊಂದಿಗೆ ತೊರೆ ಸೇರುತ್ತದೆ. ಸಿಯಾಟಲ್ ಸುತ್ತಿನ ತೊರೆಗಳಲ್ಲಿ ಮೊಟ್ಟೆಯಿಡಲು ಬಂದ ಕೋಹೊ ಸಾಲ್ಮನ್ ಮೀನುಗಳು ಮಳೆಯಾದೊಡನೆ ಸಾಯುತ್ತಿದ್ದುದಕ್ಕೆ ಟೈರಿನ ರಾಸಾಯನಿಕದಿಂದ ಹುಟ್ಟುವ 6ಪಿಪಿಡಿ-ಕ್ವಿನೋನ್ ಕಾರಣವೆಂದು ವಿಜ್ಞಾನಿಗಳು 2020ರಲ್ಲಿ ಕಂಡುಹಿಡಿದರು. ರೆಡ್ಮಂಡ್, ಬೆಲ್‌ವ್ಯೂಗಳಲ್ಲಿ ನೆಲೆಸಿದ ಸಾವಿರಾರು ಕನ್ನಡಿಗರ ಮನೆಗಳ ಆಚೆಯೇ ಹರಿಯುವ ತೊರೆಗಳವು. ಚಾರ್ಜರ್ ಇದ್ದಮಾತ್ರಕ್ಕೆ ಆ ಮೀನಿಗೆ ಉಪಕಾರವಾಗುವುದಿಲ್ಲ.

ಸಣ್ಣ ವಿದ್ಯುತ್ ಕಾರಿನ ಕನಸು ಎಲ್ಲಿಂದಲೋ ಎರವಲು ತರಬೇಕಾದದ್ದಲ್ಲ ಎಂಬುದು ಕನ್ನಡಿಗರಿಗೆ ಗೊತ್ತಿರಬೇಕು. 2001ರಲ್ಲಿ ಬೆಂಗಳೂರಿನಿಂದ ಹೊರಟ, ಚೇತನ್ ಮೈನಿಯವರ ಕಂಪನಿಯ ರೇವಾ ಎರಡೂ ಮುಕ್ಕಾಲು ಮೀಟರಿಗಿಂತ ಕಡಿಮೆ ಉದ್ದದ ಕಾರು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ, ನಗರಕೇಂದ್ರದ ದಟ್ಟಣೆ ಶುಲ್ಕವಿಲ್ಲದೆ ಓಡಾಡಿತು. ಅದರ ಅಪಘಾತ ಸುರಕ್ಷತೆಯ ಬಗ್ಗೆ ಎದ್ದ ಟೀಕೆಗಳು ನಿಜವೇ. ಆ ಕಾರು ಇನ್ನೂ ಗಟ್ಟಿಯಾಗಬೇಕಿತ್ತು. ಅದನ್ನು ತಿದ್ದುವ ಬದಲು ಉದ್ಯಮ ಆರಿಸಿಕೊಂಡದ್ದು ಹಿಗ್ಗುವ ಹಾದಿಯನ್ನು. 2010ರಲ್ಲಿ ರೇವಾವನ್ನು ಕೊಂಡ ಮಹೀಂದ್ರಾ 2024ರಲ್ಲಿ ಅನಾವರಣಗೊಳಿಸಿದ ಎಕ್ಸ್‌ಇವಿ 9ಇ ಸುಮಾರು 4.8 ಮೀಟರ್ ಉದ್ದದ ಎಸ್‌ಯುವಿ. ಭಾರತದ ಜಿಎಸ್‌ಟಿ ಪೆಟ್ರೋಲ್ ಕಾರಿನ ಉದ್ದವನ್ನು ಅಳೆದು ಶೇ 18, ಶೇ 40 ಎಂದು ಭೇದ ಮಾಡುತ್ತದೆ. ವಿದ್ಯುತ್ ಕಾರಿಗೆ ಮಾತ್ರ ಚಿಕ್ಕದಿರಲಿ ದೊಡ್ಡದಿರಲಿ ಒಂದೇ ಶೇ 5. ಬ್ಯಾಟರಿಯ ಮಾಫಿ ಅಲ್ಲಿಗೂ ತಲುಪಿದೆ.

ಈ ಮಾಫಿಯನ್ನು ರದ್ದುಪಡಿಸಿದ ಊರುಗಳಿವೆ. ಪ್ಯಾರಿಸ್ 2024ರ ಫೆಬ್ರವರಿಯಲ್ಲಿ ಜನಮತ ಕೇಳಿ, ಹೊರಗಿನಿಂದ ಬರುವ ಭಾರೀ ವಾಹನಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಿತು. ನಗರಕೇಂದ್ರದಲ್ಲಿ ಗಂಟೆಗೆ 18 ಯೂರೊ. ಎರಡು ಟನ್ ಮೀರಿದ ವಿದ್ಯುತ್ ಕಾರಿಗೂ ಅಲ್ಲಿ ವಿನಾಯಿತಿ ಇಲ್ಲ. ವಿದ್ಯುತ್ ಕಾರುಗಳ ತವರಾದ ನಾರ್ವೆ 2023ರಿಂದ ಹೊಸ ವಿದ್ಯುತ್ ಕಾರಿನ ಮೇಲೂ ತೂಕದ ತೆರಿಗೆ ಹಾಕುತ್ತಿದೆ. ವಾಷಿಂಗ್ಟನ್ ಡಿ.ಸಿ. 6,000 ಪೌಂಡ್ ಮೀರಿದ ವಾಹನದ ನೋಂದಣಿಗೆ ವರ್ಷಕ್ಕೆ 500 ಡಾಲರ್ ನಿಗದಿಪಡಿಸಿದೆ. ವಿದ್ಯುತ್ ಕಾರಿಗೆ ಸಾವಿರ ಪೌಂಡಿನ ರಿಯಾಯಿತಿ ಕೊಟ್ಟು, ಅದರಾಚೆಗೆ ಲೆಕ್ಕ ಕೇಳುತ್ತದೆ. ಇದು ನ್ಯಾಯದ ಅಳತೆ. ಗಾಲಿಕುರ್ಚಿ ಹೊರುವ ವ್ಯಾನಿಗೆ, ಉಪಕರಣ ಸಾಗಿಸುವ ಕೆಲಸಗಾರನಿಗೆ ವಿನಾಯಿತಿ ಕೊಟ್ಟು, ಉಳಿದವರು ತಮ್ಮ ತೂಕದ ಬೆಲೆ ತೆರುವಂಥ ಇಂಥ ಕಾನೂನು ಫ್ರೀಮಾಂಟ್, ಎಡಿಸನ್, ಫ್ರಿಸ್ಕೋಗಳಿಗೂ ಬೇಕು.

ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತ ಕನ್ನಡಿಗನಿಗೆ ಮತದಾನದ ಹಕ್ಕಿಲ್ಲ. ಆದರೆ ನಗರಸಭೆಯ ಸಾರ್ವಜನಿಕ ಅಹವಾಲಿನಲ್ಲಿ ಎದ್ದುನಿಂತು ಪಾರ್ಕಿಂಗ್ ಶುಲ್ಕ, ಪಾದಚಾರಿ ಮಾರ್ಗ, ಬಸ್ಸಿನ ಬಗ್ಗೆ ಮಾತನಾಡಲು ಪೌರತ್ವ ಬೇಕಾಗಿಲ್ಲ. ಶೋರೂಮಿನಲ್ಲಿ ಮೂರನೆಯ ಸಾಲನ್ನು ತೋರಿಸುವ ಮಾರಾಟಗಾರನಿಗೆ ‘ಇಷ್ಟು ದೊಡ್ಡದು ಬೇಡ’ ಎನ್ನಲು ವೀಸಾ ಅಡ್ಡಿಯಾಗುವುದಿಲ್ಲ. ಪರಿಸರದ ಹೆಸರಿನಲ್ಲಿ ಕಾರು ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದದ್ದು ಅದು ಯಾವುದರಿಂದ ಓಡುತ್ತದೆ ಎಂಬುದರ ಜೊತೆಗೆ ಎಷ್ಟು ತೂಗುತ್ತದೆ ಎಂಬುದನ್ನು. ಅದಕ್ಕೂ ಮುಂಚೆ, ಯಾರ ದಾರಿಯ ಮೇಲೆ ಆ ತೂಕ ಬೀಳುತ್ತದೆ ಎಂಬುದನ್ನು.