ಲೆಕ್ಕ ಚುಕ್ತಾ ಆಯಿತು ಎನ್ನುವ ಮೊದಲು

ಇಂದು ರಾತ್ರಿಯೇ ನಿಮಗೆ ಮರಣ ಬಂದರೆ ಸ್ವರ್ಗ ಸಿಗುವುದು ಖಾತ್ರಿಯೇ? ಕ್ರೈಸ್ತ ಸುವಾರ್ತಾ ಪ್ರಚಾರಕರು ಮನೆಯ ಬಾಗಿಲಲ್ಲಿ, ರೈಲಿನಲ್ಲಿ, ಆಸ್ಪತ್ರೆಯ ಜಗಲಿಯಲ್ಲಿ ಕೇಳುವ ಪ್ರಶ್ನೆ ಇದು. 1960ರ ದಶಕದಲ್ಲಿ ಅಮೆರಿಕದ ಫ್ಲೋರಿಡಾದ ಪಾದ್ರಿ ಜೇಮ್ಸ್ ಕೆನಡಿ ಇಂತಹ ಪ್ರಶ್ನೆಯನ್ನೇ ಬುನಾದಿಯಾಗಿಸಿಕೊಂಡು ಪ್ರಚಾರಕರಿಗೆ ಒಂದು ತರಬೇತಿ ಕ್ರಮ ರೂಪಿಸಿದರು. ಅದು ಮುಂದೆ ಅನೇಕ ದೇಶಗಳಿಗೆ ಹರಡಿತು. ‘ಅದನ್ನು ನಾನು ಹೇಗೆ ಹೇಳಲಿ? ದೇವನೇ ಬಲ್ಲ’ ಎಂದು ನೀವು ಉತ್ತರಿಸಿದರೆ ಕೇಳಿದವರ ಮುಖದಲ್ಲಿ ಕನಿಕರ ಮೂಡುತ್ತದೆ. ಯೇಸು ಕ್ರಿಸ್ತರು ನಿಮ್ಮ ಪಾಪದ ಸಾಲವನ್ನು ಶಿಲುಬೆಯ ಮೇಲೆ ತೀರಿಸಿಬಿಟ್ಟಿದ್ದಾರೆ, ನೀವು ನಂಬಿದರೆ ಸಾಕು, ಲೆಕ್ಕ ಚುಕ್ತಾ, ರಕ್ಷಣೆ ಇಂದಿನಿಂದಲೇ ನಿಮ್ಮದು ಎಂದು ಅವರು ವಿವರಿಸುತ್ತಾರೆ.

ಈ ಭರವಸೆಯೊಂದಿಗೆ ನನಗೆ ತಕರಾರಿದೆ. ಆದರೆ ತಕರಾರು ಹೇಳುವ ಮೊದಲು ಒಂದು ಮಾತು ಸ್ಪಷ್ಟವಾಗಲಿ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಹಾಗೂ ಕರ್ನಾಟಕದ ಇತರ ಕಡೆಗಳಲ್ಲಿ ಚರ್ಚ್‌ಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳು ನಡೆದವು. ಕಲ್ಲು ಹಿಡಿದು ಬಂದವರಿಗೆ ಕ್ರೈಸ್ತರ ದೇವಶಾಸ್ತ್ರದ ಬಗ್ಗೆ ಯಾವ ಕುತೂಹಲವೂ ಇರಲಿಲ್ಲ. ತನ್ನ ನಂಬಿಕೆಯನ್ನು ನೆರೆಯವನಿಗೆ ಹೇಳುವ ಹಕ್ಕು ಕ್ರೈಸ್ತನಿಗೂ ಇದೆ, ಮುಸ್ಲಿಮನಿಗೂ ಇದೆ. ಹೇಳಿದ್ದನ್ನು ಪ್ರಶ್ನಿಸುವ ಹಕ್ಕು ಕೇಳಿಸಿಕೊಂಡವನಿಗೂ ಇದೆ. ಆ ಹಕ್ಕನ್ನಷ್ಟೇ ಇಲ್ಲಿ ಬಳಸಲಾಗುತ್ತಿದೆ.

ಈ ಭರವಸೆ ಎಲ್ಲಿಂದ ಬಂತು? 16ನೇ ಶತಮಾನದ ಆರಂಭದಲ್ಲಿ ಯುರೋಪಿನ ಜನಸಾಮಾನ್ಯ ನರಕದ ಭಯದಲ್ಲಿ ಬೆಂದು ಹೋಗಿದ್ದ. ಅವನ ಭಯವನ್ನೇ ಬಂಡವಾಳ ಮಾಡಿಕೊಂಡು ಪಾಪದ ಶಿಕ್ಷೆಗೆ ವಿನಾಯಿತಿ ಕೊಡುವ ಪತ್ರಗಳನ್ನು ಹಣಕ್ಕೆ ಹಂಚಲಾಗುತ್ತಿತ್ತು. 1517ರಲ್ಲಿ ಮಾರ್ಟಿನ್ ಲೂಥರ್ ಈ ವ್ಯಾಪಾರದ ವಿರುದ್ಧ ದನಿಯೆತ್ತಿದರು. ಕ್ಷಮೆ ದೇವನ ಕೃಪೆ, ಅದನ್ನು ಯಾವ ಮಧ್ಯವರ್ತಿಯೂ ಮಾರಲಾರ ಎಂದು ಅವರು ಹೇಳಿದ್ದರಲ್ಲಿ ನಾವು ಒಪ್ಪಬೇಕಾದದ್ದು ಬಹಳಷ್ಟಿದೆ. ಆದರೆ ಆ ಹೋರಾಟದ ಬಿಸಿಯಲ್ಲಿ ಇನ್ನೊಂದು ಹೆಜ್ಜೆ ಇಡಲಾಯಿತು. ದೇವನು ಕ್ಷಮಾಶೀಲನು ಎಂಬ ನಂಬಿಕೆ, ನನ್ನನ್ನು ಆತ ಈಗಾಗಲೇ ಕ್ಷಮಿಸಿದ್ದಾನೆ ಎಂಬ ಖಚಿತ ಜ್ಞಾನವಾಗಿ ಮಾರ್ಪಟ್ಟಿತು. ಮೊದಲನೆಯದು ದೇವನ ಬಗೆಗಿನ ಮಾತು. ಎರಡನೆಯದು ನನ್ನ ಬಗೆಗೆ ನಾನೇ ಕೊಟ್ಟುಕೊಳ್ಳುವ ತೀರ್ಪು. ಇವೆರಡರ ನಡುವಿನ ಅಂತರ ಸಣ್ಣದಲ್ಲ.

ಇದನ್ನು ಮೊದಲು ಗುರುತಿಸಿದವರು ಮುಸ್ಲಿಮರೇನಲ್ಲ. 1547ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ ಕ್ಯಾಥೊಲಿಕ್ ಧರ್ಮಸಭೆಯು, ದೇವನ ಕೃಪೆ ತನಗೆ ದಕ್ಕಿದೆಯೆಂದು ಯಾರೂ ತಪ್ಪಿಲ್ಲದ ಖಚಿತತೆಯಿಂದ ಅರಿಯಲಾರರು ಎಂದು ತೀರ್ಮಾನಿಸಿ, ಇಂತಹ ಭರವಸೆಯನ್ನು ಪೊಳ್ಳೆಂದು ಕರೆಯಿತು. ಪ್ರೊಟೆಸ್ಟೆಂಟರಲ್ಲೂ ಒಮ್ಮತವಿರಲಿಲ್ಲ. ಕಾಲ್ವಿನ್‌ರ ಅನುಯಾಯಿಗಳು, ದೇವನು ಆರಿಸಿಕೊಂಡವನು ಕೊನೆಯವರೆಗೂ ಕೆಡಲಾರ ಎಂದರು. 1738ರ ಮೇ 24ರಂದು ಲಂಡನ್ನಿನ ಒಂದು ಸಭೆಯಲ್ಲಿ ತನ್ನ ಪಾಪ ಕ್ಷಮಿಸಲ್ಪಟ್ಟಿತೆಂಬ ಭರವಸೆ ಪಡೆದ ಜಾನ್ ವೆಸ್ಲಿ, ಆ ಭರವಸೆಯನ್ನು ಬಲವಾಗಿ ಬೋಧಿಸಿದರೂ, ಪಡೆದ ರಕ್ಷಣೆಯನ್ನು ಮನುಷ್ಯ ಕಳೆದುಕೊಳ್ಳಲೂಬಹುದು ಎಂದು ಎಚ್ಚರಿಸಿದರು. ಬಾಗಿಲಲ್ಲಿ ನಿಂತ ಪ್ರಚಾರಕರು ಮಾತ್ರ ಈ ಚರ್ಚೆಯೇ ನಡೆದಿಲ್ಲವೆಂಬಂತೆ ಒಂದೇ ಉತ್ತರವನ್ನು ಕೈಗಿಡುತ್ತಾರೆ.

ಇರಲಿ. ಶಾಸ್ತ್ರದ ವಾದಕ್ಕಿಂತ ಒಂದು ಬದುಕಿನ ಕಥೆ ಹೆಚ್ಚು ಹೇಳುತ್ತದೆ.

ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕನ ಹೆಸರನ್ನು ಕೇಳದವರೂ ‘ಅಮೇಜಿಂಗ್ ಗ್ರೇಸ್’ ಎಂಬ ಹಾಡಿನ ಹೆಸರನ್ನು ಕೇಳಿರುತ್ತಾರೆ. ಅದನ್ನು ಬರೆದಾತ ಇವರೇ. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಹಡಗು ಸಿಲುಕಿದಾಗ ಇವರು ದೇವನಿಗೆ ಮೊರೆಯಿಟ್ಟರು. ಜೀವ ಉಳಿಯಿತು, ಮನಸ್ಸು ತಿರುಗಿತು. ಆ ದಿನವನ್ನು ಅವರು ಜೀವನವಿಡೀ ಸ್ಮರಿಸುತ್ತಿದ್ದರು. ಇಲ್ಲಿಯವರೆಗೆ ಸರಿ. ಆದರೆ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ಒಂದೇ ನೆಗೆತಕ್ಕೆ ಆ ಹಾಡಿಗೆ ಹೋಗುತ್ತಾರೆ. ನಡುವಿನ ವರ್ಷಗಳಲ್ಲಿ ಏನಾಯಿತು?

1750ರಿಂದ 1754ರವರೆಗೆ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನರಾಗಿದ್ದರು. ಆಫ್ರಿಕಾದ ಕರಾವಳಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳನ್ನು ಖರೀದಿಸಿ, ಸರಪಳಿ ಬಿಗಿದು, ಹಡಗಿನ ತಳದಲ್ಲಿ ತುಂಬಿ ಸಾಗರದಾಚೆ ಮಾರುವ ಕೆಲಸ. ಭಾನುವಾರ ಹಡಗಿನ ಮೇಲ್ಭಾಗದಲ್ಲಿ ಸಿಬ್ಬಂದಿಯನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದವರೂ ಅವರೇ. ದಂಗೆಯ ಶಂಕೆ ಬಂದಾಗ ಹುಡುಗರಿಗೆ ಹೆಬ್ಬೆರಳು ಹಿಸುಕುವ ಯಂತ್ರ ಹಾಕಿಸಿದ್ದನ್ನು 1752ರ ತಮ್ಮ ದಿನಚರಿಯಲ್ಲಿ ಬರೆದಿಟ್ಟವರೂ ಅವರೇ. ಮೇಲೆ ಪ್ರಾರ್ಥನೆ, ಕೆಳಗೆ ಸರಪಳಿ, ನಡುವೆ ಒಂದು ಹಲಗೆ!

1754ರಲ್ಲಿ, ಕೊನೆಯ ಪ್ರಯಾಣದಲ್ಲಿ, ವೆಸ್ಟ್ ಇಂಡೀಸ್‌ನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಅವರಿಗೆ ಅಲೆಕ್ಸಾಂಡರ್ ಕ್ಲೂನಿ ಎಂಬ ಇನ್ನೊಬ್ಬ ಕಪ್ತಾನನ ಪರಿಚಯವಾಯಿತು. ಇಬ್ಬರೂ ಸಂಜೆಗಳನ್ನು ಧಾರ್ಮಿಕ ಮಾತುಕತೆಯಲ್ಲಿ ಕಳೆದರು. ತನ್ನ ಸ್ವಂತ ಶಕ್ತಿಯಿಂದಲ್ಲ, ದೇವನ ವಾಗ್ದಾನದಿಂದ ತಾನು ಕೊನೆಯವರೆಗೂ ಸುರಕ್ಷಿತ ಎಂಬ ತತ್ವ ಅರ್ಥವಾಗತೊಡಗಿದ್ದು ಈ ಗೆಳೆಯನಿಂದಲೇ ಎಂದು ನ್ಯೂಟನ್ ತಮ್ಮ ಆತ್ಮಕಥನದಲ್ಲಿ ಕೃತಜ್ಞತೆಯಿಂದ ಬರೆದಿದ್ದಾರೆ. ಓದುಗರು ಈ ದೃಶ್ಯವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ತಾನು ಸಾಗಿಸಿ ತಂದ ಮನುಷ್ಯರು ಬಿಕರಿಯಾಗುವ ದ್ವೀಪದಲ್ಲೇ ಕಪ್ತಾನನಿಗೆ ಶಾಶ್ವತ ರಕ್ಷಣೆಯ ನೆಮ್ಮದಿ ಸಿಗುತ್ತಿದೆ. ಆ ಮನುಷ್ಯರನ್ನು ಯಾರೂ ಏನೂ ಕೇಳಲಿಲ್ಲ.

ಅದೇ ವರ್ಷ ಅವರು ಸಮುದ್ರ ಬಿಟ್ಟರು. ಕಾರಣ ಅನಾರೋಗ್ಯವೇ ಹೊರತು ಪಾಪಪ್ರಜ್ಞೆಯಲ್ಲ. ಈ ಕೆಲಸ ಜೈಲಿನ ಕಾವಲುಗಾರನ ಕೆಲಸದಂತೆ ಅವರಿಗೆ ಬೇಸರ ತಂದಿತ್ತು ನಿಜ, ಆದರೆ ಅದು ಅಧರ್ಮ ಎಂದು ಆಗ ಅನ್ನಿಸಿರಲಿಲ್ಲ. 1764ರಲ್ಲಿ ಪಾದ್ರಿಯಾದರು. 1773ರ ಹೊಸವರ್ಷದ ದಿನದ ಪ್ರವಚನಕ್ಕಾಗಿ ಆ ಪ್ರಸಿದ್ಧ ಹಾಡು ಬರೆದರು. ಗುಲಾಮ ವ್ಯಾಪಾರದ ವಿರುದ್ಧ ಅವರು ಬಹಿರಂಗವಾಗಿ ಪುಸ್ತಿಕೆ ಪ್ರಕಟಿಸಿದ್ದು 1788ರಲ್ಲಿ. ಅಂದರೆ ಸೇಂಟ್ ಕಿಟ್ಸ್‌ನ ಭರವಸೆಗೂ ಈ ತಪ್ಪೊಪ್ಪಿಗೆಗೂ ನಡುವೆ 34 ವರ್ಷಗಳು.

ಕ್ರೈಸ್ತ ಮಿತ್ರರು ಇಲ್ಲಿ ಎರಡು ಉತ್ತರ ಕೊಡುತ್ತಾರೆ. ಮೊದಲನೆಯದು, ನ್ಯೂಟನ್ ಕೊನೆಗೆ ಪಶ್ಚಾತ್ತಾಪಪಟ್ಟರಲ್ಲ, ಸಂಸತ್ತಿನ ಮುಂದೆ ಸಾಕ್ಷ್ಯ ನುಡಿದರಲ್ಲ ಎಂಬುದು. ಖಂಡಿತ. ಅದು ಗೌರವಕ್ಕೆ ಅರ್ಹವಾದ ಧೈರ್ಯ. 1748ರಲ್ಲಿ ತಾನಿನ್ನೂ ನಿಜವಾದ ಅರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಅವರಲ್ಲಿತ್ತು. ಆದರೆ ನನ್ನ ಪ್ರಶ್ನೆ ನ್ಯೂಟನ್‌ರ ಕೊನೆಯ ಬಗ್ಗೆ ಅಲ್ಲ, ಭರವಸೆಯ ಆರಂಭದ ಬಗ್ಗೆ. ಪಶ್ಚಾತ್ತಾಪಕ್ಕಿಂತ 34 ವರ್ಷ ಮೊದಲೇ ಬಂದು ಕುಳಿತ ನೆಮ್ಮದಿಯನ್ನು ಯಾವ ಹೆಸರಿನಿಂದ ಕರೆಯಬೇಕು?

ಎರಡನೆಯ ಉತ್ತರ, ನಿಜವಾದ ನಂಬಿಕೆ ಸತ್ಕರ್ಮದ ಫಲ ಕೊಟ್ಟೇ ಕೊಡುತ್ತದೆ, ಫಲವಿಲ್ಲದ ಭರವಸೆ ನಕಲಿ ಎಂಬುದು. ಒಳ್ಳೆಯದು. ಆದರೆ ಹಾಗೆಂದ ಕೂಡಲೇ ಖಾತ್ರಿ ಎಂಬುದು ಕೈಜಾರುತ್ತದೆ. ನನ್ನ ನಂಬಿಕೆ ಅಸಲಿಯೋ ನಕಲಿಯೋ ಎಂದು ತಿಳಿಯಲು ನಾನು ನನ್ನ ಕರ್ಮಗಳನ್ನೇ ನೋಡಬೇಕು. ಆ ಕರ್ಮಗಳು ಕೊನೆಯುಸಿರಿನವರೆಗೂ ಮುಗಿಯುವುದಿಲ್ಲ. ಹಾಗಿರುವಾಗ ಇಂದು ರಾತ್ರಿಯ ಖಾತ್ರಿ ಎಲ್ಲಿಂದ ಬಂತು? ಭರವಸೆ ಕರ್ಮವನ್ನು ಅವಲಂಬಿಸಿಲ್ಲವೆಂದರೆ ಅದು ಗುಲಾಮ ಹಡಗಿನ ಕಪ್ತಾನನಿಗೂ ಸಿಗುತ್ತದೆ. ಅವಲಂಬಿಸಿದೆಯೆಂದರೆ ಅದು ಖಾತ್ರಿಯಲ್ಲ, ನಿರೀಕ್ಷೆ. ನಿರೀಕ್ಷೆಯೇ ಆದರೆ ನಮ್ಮಿಬ್ಬರ ಉತ್ತರವೂ ಒಂದೇ – ದೇವನೇ ಬಲ್ಲ.

ನ್ಯೂಟನ್‌ರ ನೆರೆಮನೆಯಂತಿದ್ದ ಇನ್ನೊಂದು ಬದುಕನ್ನೂ ನೋಡಬೇಕು. ಕವಿ ವಿಲಿಯಂ ಕೂಪರ್ ಅವರ ಆಪ್ತ ಗೆಳೆಯ. ಆಲ್ನಿ ಎಂಬ ಊರಿನಲ್ಲಿ ಇಬ್ಬರೂ ಸೇರಿ ಬರೆದ ಸ್ತುತಿಗೀತೆಗಳ ಸಂಕಲನ 1779ರಲ್ಲಿ ಪ್ರಕಟವಾಯಿತು. ಆ ಹಾಡು ಹುಟ್ಟಿದ 1773ರ ಆರಂಭದಲ್ಲೇ ಕೂಪರ್ ತೀವ್ರ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ, ದೇವನು ತನ್ನನ್ನು ಶಾಶ್ವತವಾಗಿ ತಿರಸ್ಕರಿಸಿದ್ದಾನೆ ಎಂದು ನಂಬಿದರು. 1800ರಲ್ಲಿ ಸಾಯುವವರೆಗೂ ಆ ನಂಬಿಕೆ ಅವರನ್ನು ಬಿಡಲಿಲ್ಲ. ಅವರ ಕಾಯಿಲೆ ಹಳೆಯದು, ಅದಕ್ಕೆ ಒಂದು ತತ್ವವನ್ನೇ ಹೊಣೆ ಮಾಡುವುದು ಅನ್ಯಾಯವಾದೀತು. ಆದರೆ ಒಂದು ಸಂಗತಿಯನ್ನು ಮರೆಯಲಾಗದು. ತಾನು ನರಕಕ್ಕೇ ಮೀಸಲು ಎಂದುಕೊಂಡ ಈ ಮನುಷ್ಯ 1785ರ ತನ್ನ ದೀರ್ಘ ಕಾವ್ಯದಲ್ಲಿ ಗುಲಾಮಗಿರಿಯನ್ನು ಖಂಡಿಸಿದ್ದ. ರಕ್ಷಣೆ ಖಾತ್ರಿಯಾಗಿದ್ದ ಗೆಳೆಯನ ಪುಸ್ತಿಕೆ ಬಂದದ್ದು ಅದಾಗಿ ಮೂರು ವರ್ಷಗಳ ಮೇಲೆ.

ಭರವಸೆ ಮನುಷ್ಯನನ್ನು ಸೋಮಾರಿಯಾಗಿಸುತ್ತದೆ ಎಂಬುದು ನನ್ನ ವಾದವಲ್ಲ. ಅದು ಸುಳ್ಳಾದೀತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ವೈಯಕ್ತಿಕ ಮನಃಪರಿವರ್ತನೆಗೆ ಒತ್ತು ಕೊಟ್ಟ ಪರಂಪರೆಯವರೇ. ಅವರಲ್ಲಿ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದರು. ಕಿಟೆಲ್‌ರ 1894ರ ನಿಘಂಟು ಇಲ್ಲದಿದ್ದರೆ ಕನ್ನಡ ಬಡವಾಗುತ್ತಿತ್ತು. ದುಡಿಮೆಗೆ ಕೊರತೆಯಿರಲಿಲ್ಲ. ನನ್ನ ವಾದ ಬೇರೆ. ಈ ಭರವಸೆ ದೇವನಿಗೂ ನನಗೂ ನಡುವೆ ಮಾತ್ರ ಲೆಕ್ಕ ಮುಗಿಸುತ್ತದೆ. ನಾನು ಯಾರನ್ನು ನೋಯಿಸಿದೆನೋ, ಯಾರ ಅನ್ನ ಕಸಿದೆನೋ ಆ ಮೂರನೆಯವನಿಗೆ ಅಲ್ಲಿ ಕುರ್ಚಿಯೇ ಇಲ್ಲ. ಸಾಲ ಕೊಟ್ಟವನನ್ನು ಹೊರಗೆ ನಿಲ್ಲಿಸಿ ಸಾಲ ತೀರಿತೆಂದು ರಸೀದಿ ಬರೆಯುವುದು ಯಾವ ನ್ಯಾಯ?

ಇಲ್ಲಿ ಇಸ್ಲಾಮಿನ ನಿಲುವು ಸ್ಪಷ್ಟ. ದೇವನ ಹಕ್ಕಿನಲ್ಲಿ ಆದ ಲೋಪವನ್ನು ಆತ ತನ್ನ ಕರುಣೆಯಿಂದ ಕ್ಷಮಿಸಬಹುದು. ದೇವನ ದಾಸರ ಹಕ್ಕು ಕಸಿದದ್ದನ್ನು ಹಿಂದಿರುಗಿಸಬೇಕು, ಇಲ್ಲವೇ ಅವರಿಂದಲೇ ಕ್ಷಮೆ ಪಡೆಯಬೇಕು. ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬಂದರೂ ಒಬ್ಬನನ್ನು ನಿಂದಿಸಿ, ಇನ್ನೊಬ್ಬನ ಹಣ ತಿಂದು, ಮತ್ತೊಬ್ಬನಿಗೆ ಹೊಡೆದು ಬಂದವನೇ ಪರಲೋಕದ ನಿಜವಾದ ದಿವಾಳಿಗ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಅವನ ಸತ್ಕರ್ಮಗಳೆಲ್ಲ ಅವರಿಗೆ ಹಂಚಿಹೋಗುತ್ತವೆ. ಹುತಾತ್ಮನಿಗೂ ಸಾಲದ ಹೊರತು ಉಳಿದದ್ದಷ್ಟೇ ಕ್ಷಮೆ ಎಂದರು.

ಹಾಗಾದರೆ ನಿಮ್ಮದು ತಕ್ಕಡಿಯ ಧರ್ಮ, ಕೃಪೆಗೆ ಅಲ್ಲಿ ಜಾಗವಿಲ್ಲ ಎಂದು ಪ್ರಚಾರಕರು ಹೇಳಬಹುದು. ಅದೂ ತಪ್ಪು. ಯಾರೂ ಕೇವಲ ತನ್ನ ಕರ್ಮದ ಬಲದಿಂದ ಸ್ವರ್ಗ ಸೇರುವುದಿಲ್ಲ, ಅಲ್ಲಾಹನ ಕರುಣೆ ಆವರಿಸದಿದ್ದರೆ ನಾನೂ ಇಲ್ಲ ಎಂದು ಸ್ವತಃ ಪ್ರವಾದಿವರ್ಯರು(ಸ) ಹೇಳಿದ್ದಾರೆ. ನಿಮ್ಮಲ್ಲೂ ಹತ್ತು ಮಂದಿಗೆ ಬದುಕಿದ್ದಾಗಲೇ ಸ್ವರ್ಗದ ಸುವಾರ್ತೆ ಸಿಕ್ಕಿತ್ತಲ್ಲ ಎಂದೂ ಕೇಳಬಹುದು. ಸಿಕ್ಕಿತ್ತು, ಆದರೆ ಅದನ್ನು ಅವರು ತಮಗೆ ತಾವೇ ಘೋಷಿಸಿಕೊಂಡದ್ದಲ್ಲ. ಅದನ್ನು ಪಡೆದ ನಂತರ ಅವರು ಬದುಕಿದ್ದಾದರೂ ಹೇಗೆ? ಅವರಲ್ಲಿ ಒಬ್ಬರಾದ ಹ. ಉಮರ್(ರ) ಕಪಟಿಗಳ ಹೆಸರು ಬಲ್ಲ ಹ. ಹುದೈಫಾ(ರ)ರ ಬಳಿ ಹೋಗಿ, ಆ ಪಟ್ಟಿಯಲ್ಲಿ ನನ್ನ ಹೆಸರಿದೆಯೇ ಎಂದು ಕೇಳಿದರೆಂದು ವರದಿಯಾಗಿದೆ. ಭಯ ಮತ್ತು ನಿರೀಕ್ಷೆ ಎಂಬ ಎರಡು ರೆಕ್ಕೆಗಳ ಬದುಕು ಎಂದರೆ ಇದೇ.

ಈಗ ನಮ್ಮ ಮನೆಯ ಬಾಗಿಲನ್ನೂ ತೆರೆಯೋಣ. ನಂಬಿಕೆಯಿದ್ದರೆ ಪಾಪದಿಂದ ನಷ್ಟವಿಲ್ಲ ಎಂದು ವಾದಿಸಿದ ಮುರ್ಜಿಅ ಪಂಥದವರು ಇಸ್ಲಾಮೀ ಇತಿಹಾಸದ ಆರಂಭದಲ್ಲೇ ಇದ್ದರು. ಪಂಥ ಹೋಯಿತು, ರೋಗ ಉಳಿಯಿತು. ಮುಸ್ಲಿಮ್ ಮನೆಯಲ್ಲಿ ಹುಟ್ಟಿದ್ದೇ ಸ್ವರ್ಗದ ಪಾಸ್‌ಪೋರ್ಟ್ ಎಂದುಕೊಂಡವರು ಎಷ್ಟಿಲ್ಲ? ತಂಗಿಗೆ ಸಲ್ಲಬೇಕಾದ ಪಿತ್ರಾರ್ಜಿತದ ಪಾಲನ್ನು ನುಂಗಿ ಉಮ್ರಾ ಮೇಲೆ ಉಮ್ರಾ ಮಾಡುವವರು, ವರದಕ್ಷಿಣೆಯ ಹಣದಲ್ಲಿ ಅಂಗಡಿ ತೆರೆದು ಹಜ್ಜ್ ಮಾಡಿ ಬಂದು ನವಜಾತ ಶಿಶುವಿನಂತಾದೆ ಎಂದು ಸಂಭ್ರಮಿಸುವವರು, ಕೂಲಿಯಾಳಿನ ಬೆವರು ಒಣಗಿ ತಿಂಗಳಾದರೂ ಕೂಲಿ ಕೊಡದೆ ಮೊದಲ ಸಾಲಿನಲ್ಲಿ ನಿಲ್ಲುವವರು – ಇವರೆಲ್ಲ ಹಡಗಿನ ಮೇಲೆ ಪ್ರಾರ್ಥನೆ ನಡೆಸುವ ಕಪ್ತಾನರೇ ಅಲ್ಲವೇ? ಮೋಕ್ಷವು ನಿಮ್ಮ ಆಸೆಗಳನ್ನಾಗಲೀ ಗ್ರಂಥದವರ ಆಸೆಗಳನ್ನಾಗಲೀ ಅವಲಂಬಿಸಿಲ್ಲ, ಕೆಡುಕು ಮಾಡಿದವನು ಅದರ ಫಲ ಉಣ್ಣುತ್ತಾನೆ ಎಂದು ಕುರ್‌ಆನ್ ಎಚ್ಚರಿಸಿದಾಗ ಅದು ಮೊದಲು ಸಂಬೋಧಿಸಿದ್ದು ನಮ್ಮನ್ನೇ.

ಯೇಸು ಕ್ರಿಸ್ತರನ್ನು ನಾವೂ ಪ್ರವಾದಿಯೆಂದು ಗೌರವಿಸುತ್ತೇವೆ. ಕ್ರೈಸ್ತರ ಸುವಾರ್ತೆಗಳಲ್ಲೇ ಅವರ ಎರಡು ಪ್ರಸಂಗಗಳಿವೆ. ಬಲಿಪೀಠದ ಬಳಿಗೆ ಕಾಣಿಕೆ ತಂದವನಿಗೆ ತನ್ನ ಮೇಲೆ ಸೋದರನ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸೋದರನೊಂದಿಗೆ ಸಮಾಧಾನವಾಗಿ ಬರಬೇಕು ಎಂದು ಅವರು ಕಲಿಸಿದರು. ಇನ್ನೊಂದು ಜಕ್ಕಾಯ ಎಂಬ ಸುಂಕದ ಅಧಿಕಾರಿಯದು. ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ವಂಚಿಸಿ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದು ಅವನು ಹೇಳಿದ. ಆ ಮನೆಗೆ ರಕ್ಷಣೆ ಬಂದಿತೆಂದು ಯೇಸು ನುಡಿದದ್ದು ಅದರ ನಂತರ. ಪಶ್ಚಾತ್ತಾಪವಿಲ್ಲದ ಕ್ಷಮೆಯನ್ನು ಅಗ್ಗದ ಕೃಪೆಯೆಂದು 1937ರ ತಮ್ಮ ಕೃತಿಯಲ್ಲಿ ಟೀಕಿಸಿದ ಜರ್ಮನಿಯ ಪಾದ್ರಿ ಬಾನ್‌ಹೋಫರ್‌ಗೂ ಇದೇ ಅರ್ಥವಾಗಿತ್ತು. 1945ರಲ್ಲಿ ನಾಝಿಗಳು ಅವರನ್ನು ಗಲ್ಲಿಗೇರಿಸಿದರು.

ಆದ್ದರಿಂದ ಬಾಗಿಲಿಗೆ ಬರುವ ಪ್ರಚಾರಕ ಮಿತ್ರರಲ್ಲಿ ಒಂದು ವಿನಂತಿ. ಇಂದು ರಾತ್ರಿ ಸತ್ತರೆ ಎಲ್ಲಿಗೆ ಹೋಗುವಿರಿ ಎಂದು ಕೇಳುವ ಮೊದಲು, ಇಂದು ರಾತ್ರಿಯೊಳಗೆ ಯಾರಿಗೆ ಏನು ಹಿಂದಿರುಗಿಸಬೇಕಿದೆ ಎಂದು ಕೇಳಿ. ಆ ಪ್ರಶ್ನೆಯ ಮುಂದೆ ನೀವೂ ನಾವೂ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. ನಮ್ಮ ಲೆಕ್ಕ ಚುಕ್ತಾ ಆಯಿತೇ ಎಂಬುದನ್ನು ಹೇಳಬೇಕಾದವರು ಹಡಗಿನ ಕೆಳಗಿದ್ದಾರೆ.